ಇಪ್ಪತ್ತೆರಡು ಕಾಲಿನ ಕಂಪ್ಯೂಟರು

ಮೊದಲಿಗೇ ಒಂದು ಮಾತು ಸ್ಪಷ್ಟಪಡಿಸುತ್ತೇನೆ. ಆ ಕಂಪ್ಯೂಟರನ್ನು ನಾನು ಕೆಡಿಸಲಿಲ್ಲ. ಅದು ಕೆಟ್ಟಾಗ ನಾನು ಅದರ ಹತ್ತಿರ ಇದ್ದೆ, ನನ್ನ ಕೈ ಅದರ ಒಳಗಿತ್ತು, ಅಷ್ಟೇ. ಇವೆರಡರ ನಡುವಿನ ವ್ಯತ್ಯಾಸವನ್ನು ಯಾವ ನಿರ್ಣಾಯಕರ ಮುಂದೆ ಬೇಕಾದರೂ ಹತ್ತು ನಿಮಿಷ ಸಮರ್ಥಿಸಬಲ್ಲೆ.

ಸಮರ್ಥಿಸುವುದೇ ಆಗ ನನ್ನ ಉದ್ಯೋಗ. ಬೇರೆ ಉದ್ಯೋಗ ಇರಲಿಲ್ಲ. ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ಒಂದು ವಿಷಯದ ಪರವಾಗಿ ಮಾತಾಡಿ ಒಂದು ಶೀಲ್ಡು, ಮರುವರ್ಷ ಅದೇ ವಿಷಯದ ವಿರುದ್ಧ ಮಾತಾಡಿ ಇನ್ನೊಂದು ಶೀಲ್ಡು ಗೆದ್ದವನು ನಾನು. ಪುರಾವೆಯಿಲ್ಲದೆ ಏನನ್ನೂ ನಂಬುತ್ತಿರಲಿಲ್ಲ. ಸಾರಿಗೆ ಉಪ್ಪು ಹೆಚ್ಚಾಗಿದೆ ಎಂದು ಯಾರಾದರೂ ಅಂದರೆ "ಯಾವುದಕ್ಕೆ ಹೋಲಿಸಿದರೆ?" ಎಂದು ಕೇಳುತ್ತಿದ್ದೆ. ಆದ್ದರಿಂದ ನನ್ನನ್ನು ಊಟಕ್ಕೆ ಕರೆಯುವವರು ಕಡಿಮೆಯಾಗಿದ್ದರು.

ತೊಂಬತ್ತರ ದಶಕದ ನಡುವಿನ ಮಾತು. ನನ್ನ ಅಕ್ಕ ನೀಲಮ್ಮ ಅಫಜಲಪುರದ ಬಸ್ ಸ್ಟ್ಯಾಂಡಿನ ಎದುರು ಲಗ್ನಪತ್ರಿಕೆ ಕಂಪೋಸ್ ಮಾಡುವ ಅಂಗಡಿ ಇಟ್ಟಿದ್ದಳು. ಒಂದು ಮೇಜು, ಒಂದು ಕಂಪ್ಯೂಟರು, ಕಾಗದಕ್ಕೆ ಬೈಯುತ್ತಾ ಅಚ್ಚು ಹಾಕುವ ಒಂದು ಪ್ರಿಂಟರು. ಜಾಗ ಅವಳ ಮಾವನದು. ಮಾವನಿಗೆ ಅಲ್ಲಿ ಸೇಂಗಾ ಹಿಂಡಿಯ ಅಂಗಡಿ ಹಾಕುವ ಆಸೆ.

"ಎಮ್ಮಿ ದಿನಾ ತಿಂತಾವ. ಮಂದಿ ದಿನಾ ಲಗ್ನ ಆಗ್ತಾರೇನು?" ಎಂಬುದು ಅವರ ವಾದ. ವಾದ ಬಲವಾಗಿದೆ, ಒಪ್ಪುತ್ತೇನೆ.

ಆ ಬೇಸಿಗೆಯಲ್ಲಿ ಅಕ್ಕನಿಗೆ ಮೊದಲ ದೊಡ್ಡ ಕೆಲಸ ಸಿಕ್ಕಿತು. ಕೊಳಕೂರಿನ ಗೌಡರ ಮಗಳ ಲಗ್ನಪತ್ರಿಕೆ! ಅದರಲ್ಲಿ ನೂರಾ ಹದಿನೆಂಟು ಸಂಬಂಧಿಕರ ಹೆಸರು. ಯಾರ ಹೆಸರಿನ ಮೇಲೆ ಯಾರ ಹೆಸರು ಬರಬೇಕು ಎಂಬುದಕ್ಕೆ ಗೌಡರ ಮನೆಯಲ್ಲಿ ನಾಲ್ಕು ದಿನ ಜಗಳ ನಡೆದು, ಅಂತೂ ಒಂದು ಪಟ್ಟಿ ತಯಾರಾಗಿ, ಅದು ಅಕ್ಕನ ಕಂಪ್ಯೂಟರಿನ ಹೊಟ್ಟೆ ಸೇರಿತ್ತು. ಬೇರೆಲ್ಲೂ ಪ್ರತಿ ಇರಲಿಲ್ಲ. ಗೌಡರು ಹೇಳಿ ಹೋಗಿದ್ದರು: "ಬುಧವಾರ ಸಂಜಿ ಐದಕ್ಕ ಬರ್ತೇನಿ. ಪತ್ರಿಕಿ ತೋರಿಸ್ರಿ. ಇಲ್ಲಂದ್ರ ಸೊಲ್ಲಾಪುರಕ್ಕ ಒಯ್ತೇನಿ." ಮಾವ ಅದಕ್ಕೆ ಒಂದು ಸಾಲು ಸೇರಿಸಿದ್ದರು: "ಗೌಡ್ರು ಸೊಲ್ಲಾಪುರಕ್ಕ ಹೋದ್ರ, ಬೇಸ್ತವಾರ ಹಿಂಡಿ ಇಳೀತದ."

ಬುಧವಾರ ಬೆಳಿಗ್ಗೆ ಹತ್ತು ಗಂಟೆಗೆ ನಾನು ಅಲ್ಲಿಗೆ ಚಹಾ ಕುಡಿಯಲು ಹೋದೆ. ಇತಿಹಾಸದ ಎಲ್ಲ ಅನಾಹುತಗಳೂ ಹೀಗೇ ಶುರುವಾಗಿರಬೇಕು.

ಕಂಪ್ಯೂಟರು ಗರ್ರ್ ಎನ್ನುತ್ತಿತ್ತು. ಒಳಗಿನ ಫ್ಯಾನು ಧೂಳು ತಿಂದಿದೆ ಎಂದು ನಾನು ತೀರ್ಪು ಕೊಟ್ಟೆ.

"ಬ್ಯಾಡೋ ಮಲ್ಲೂ," ಅಂದಳು ಅಕ್ಕ. "ಐದರ ತನ ಗರ್ರ್ ಅಂದ್ರೂ ನಡೀತದ."

"ಅಕ್ಕಾ, ಐದು ನಿಮಿಷದ ಕೆಲಸ!"

ಮುಚ್ಚಳ ಬಿಚ್ಚಿದೆ. ಒಳಗೆ ಅಫಜಲಪುರದ ಅರ್ಧ ಮಣ್ಣು ಇತ್ತು. ಸರಿಯಾಗಿ ಒರೆಸಬೇಕಾದರೆ ಮದರ್‌ಬೋರ್ಡನ್ನೇ ಎತ್ತಬೇಕು. ಬೋರ್ಡು ಎತ್ತಬೇಕಾದರೆ ಡಬ್ಬಿಯ ಮುಖದಿಂದ ಬರುವ ಆರು ಸಣ್ಣ ಪ್ಲಗ್ಗು ಕೀಳಬೇಕು. ಎರಡು ಗುಂಡಿಯವು, ಎರಡು ದೀಪದವು, ಒಂದು ಕೀಲಿಮಣೆಗೆ ಹಾಕುವ ಬೀಗದ್ದು, ಒಂದು ಸ್ಪೀಕರಿನದು. ಕಿತ್ತೆ.

"ಯಾವುದು ಎಲ್ಲಿತ್ತಂತ ಬರ್ಕೊಂಡಿಯೇನೋ?"

"ಬರ್ಕೊಳ್ಳೋದು ಗಿಳಿಪಾಠ, ಅಕ್ಕಾ. ನಾನು ತರ್ಕ ಮಾಡ್ತೇನಿ."

ಒರೆಸಿ ಮುಗಿಸಿ ನೋಡಿದರೆ, ಬೋರ್ಡಿನ ಮೂಲೆಯಲ್ಲಿ ಸೂಜಿಯಂಥ ಇಪ್ಪತ್ತೆರಡು ಕಾಲುಗಳು ಎದ್ದು ನಿಂತಿದ್ದವು. ಪಿನ್ನು ಎನ್ನಬೇಕಂತೆ, ನಾವು ಕಾಲು ಎಂದೇ ಕರೆದೆವು. ಯಾವ ಕಾಲು ಯಾರದು ಎಂದು ಬೋರ್ಡಿನ ಮೇಲೆ ಒಂದಕ್ಷರ ಬರೆದಿರಲಿಲ್ಲ. ಬರೀ ಅಂಕಿಗಳು. ಬೋರ್ಡಿನ ಜೊತೆ ಪುಸ್ತಕವೂ ಬಂದಿರಲಿಲ್ಲ. ಕೊಳಕೂರಿನ ಗೌಡರು ಕೂಡ ತಮ್ಮ ನೂರಾ ಹದಿನೆಂಟು ಜನಕ್ಕೆ ಹೆಸರು ಕೊಟ್ಟಿದ್ದರು. ಈ ಬೋರ್ಡು ಮಾಡಿದವನಿಗೆ ಇಪ್ಪತ್ತೆರಡಕ್ಕೆ ಹೆಸರಿಡಲು ಏನು ಧಾಡಿ?

ನಾನು ಎದೆಗುಂದಲಿಲ್ಲ. ಒಂದು ಸಿದ್ಧಾಂತ ಮಂಡಿಸಿದೆ: ಹತ್ತಿರದ ಪ್ಲಗ್ಗು ಹತ್ತಿರದ ಕಾಲಿಗೆ. ಹಾಗೇ ಜೋಡಿಸಿ ಶುರು ಮಾಡಿದೆ. ಪರದೆ ಬೆಳಗಿತು! ಪತ್ರಿಕೆ ಕಂಡಿತು! ದೀಪ ಮಾತ್ರ ಎರಡೂ ಹತ್ತಲಿಲ್ಲ. ಮರು-ಆರಂಭದ ಗುಂಡಿ ಒತ್ತಿದರೆ ಕೀಲಿಮಣೆ ಸತ್ತುಹೋಗುತ್ತಿತ್ತು, ಬಿಟ್ಟರೆ ಬದುಕುತ್ತಿತ್ತು. ಬೀಗದ ಕೈ ಒಮ್ಮೆ ತಿರುಗಿಸಿ ಹಿಂದಕ್ಕೆ ತಂದರೆ ಇಡೀ ಕಂಪ್ಯೂಟರು ಹೊಸದಾಗಿ ಹುಟ್ಟುತ್ತಿತ್ತು.

"ನಡ್ಯಾಕತ್ತದಲ್ಲ, ಸಾಕು. ಕೈ ತಗಿ," ಅಂದಳು ಅಕ್ಕ.

ಅಲ್ಲಿ ನಾನು ಕೈ ತೆಗೆದಿದ್ದರೆ ಈ ಲೇಖನ ಇಲ್ಲಿಗೇ ಮುಗಿಯುತ್ತಿತ್ತು, ನನ್ನ ಮಾನವೂ ಉಳಿಯುತ್ತಿತ್ತು. ಆದರೆ ನಾನು ತೋರುಬೆರಳೆತ್ತಿ ಹೇಳಿದೆ: "ನಡಿಯೋದು ಬ್ಯಾರೆ, ಸರಿ ಇರೋದು ಬ್ಯಾರೆ!"

ವೇದಿಕೆಯಾಗಿದ್ದರೆ ಚಪ್ಪಾಳೆ ಬೀಳುತ್ತಿತ್ತು. ಅಕ್ಕ ಹಣೆ ಚಚ್ಚಿಕೊಂಡಳು. ಆ ಸದ್ದನ್ನೇ ಚಪ್ಪಾಳೆ ಎಂದುಕೊಂಡೆ.

ಎರಡನೆಯ ಸಿದ್ಧಾಂತದ ಪ್ರಕಾರ ಆರೂ ಪ್ಲಗ್ಗುಗಳನ್ನು ಅದಲುಬದಲು ಮಾಡಿದೆ. ಶುರು ಮಾಡಿದರೆ ಫ್ಯಾನು ತಿರುಗಿತು. ಪರದೆ ಕಪ್ಪು. ಆರಿಸಿ ಹಚ್ಚಿದೆ. ಕಪ್ಪು. ಮೇಲೆ ತಟ್ಟಿದೆ. ಕಪ್ಪು! ಅಕ್ಕನ ಮುಖವೂ ಅದೇ ಬಣ್ಣಕ್ಕೆ ತಿರುಗುತ್ತಿತ್ತು.

ಆಮೇಲೆ ತಿಳಿದದ್ದು ಇಷ್ಟು. ಸ್ಪೀಕರಿನ ಪ್ಲಗ್ಗನ್ನು ನಾನು ಮರು-ಆರಂಭದ ಕಾಲುಗಳಿಗೆ ಸಿಕ್ಕಿಸಿದ್ದೆ. ಪಾಪ, ಆ ಗುಂಡಿಯನ್ನು ಯಾರೋ ಒತ್ತಿ ಹಿಡಿದೇ ಇದ್ದಾರೆ ಎಂದುಕೊಂಡ ಕಂಪ್ಯೂಟರು "ಈಗ ಹುಟ್ಟಲೋ, ಈಗ ಹುಟ್ಟಲೋ" ಎಂದು ಕಾಯುತ್ತಾ ಕೂತಿತ್ತು. ಒಂದು ಪ್ಲಗ್ಗು ಕಿತ್ತಿದ್ದರೆ ಸಾಕಾಗಿತ್ತು. ನಾನು ಎಲ್ಲವನ್ನೂ ಕಿತ್ತೆ. ಮೂಲದಿಂದಲೇ ವಿಚಾರ ಮಾಡಬೇಕೆಂದು, ಕರೆಂಟು ತರುವ ಎರಡು ದೊಡ್ಡ ಪ್ಲಗ್ಗುಗಳನ್ನೂ ಕಿತ್ತೆ.

"ಇಸ್ಮಾಯಿಲ್ ಭಾಯಿಗೆ ಫೋನ್ ಹಚ್ಚು," ಅಂದಳು ಅಕ್ಕ. ಇಸ್ಮಾಯಿಲ್ ಅಂದರೆ ಆಳಂದದ ಮೆಕ್ಯಾನಿಕ್ಕು. ಈ ಕಂಪ್ಯೂಟರು ಜೋಡಿಸಿ ಕೊಟ್ಟವನು ಅವನೇ.

ಎಸ್‌ಟಿಡಿ ಬೂತು ಎರಡು ಅಂಗಡಿ ಆಚೆ. ಹೊರಗೆ ಬಸ್ಸುಗಳ ಹಾರನ್ನು, ಒಳಗೆ ಲೈನಿನ ಗೊರಗೊರ. ನಾನು ಪರಿಸ್ಥಿತಿಯನ್ನು ಪೀಠಿಕೆ ಸಮೇತ ವಿವರಿಸಿದೆ.

"ಸಣ್ಣವು ಹೋಗ್ಲಿ ಬಿಡ್ರಿ ಸಾಬ್ರ," ಅಂದ ಇಸ್ಮಾಯಿಲ್. "ಆರೂ ಖಾಲಿ ಬಿಟ್ರೂ ನಡೀತದ. ದೊಡ್ಡವು ಎರಡು ಬಿಚ್ಚಿಲ್ಲ, ಹೌದಿಲ್ರಿ?"

"ಬಿಚ್ಚೇನಿ."

ಆಳಂದದ ತುದಿಯಲ್ಲಿ ಏನೋ ಕೆಳಗೆ ಬಿದ್ದ ಸದ್ದಾಯಿತು.

"ಯಾ ಅಲ್ಲಾ! ಕೇಳ್ರಿ. ಕಾಲಾ ಕಾಲಾ ಕೂಡಿಸ್ರಿ. ಕಾಲಾ ಬಾಜೂಕ ಕಾಲಾ. ಇದೊಂದ ನೆನಪಿಡ್ರಿ, ಮತ್ತೇನೂ ವಿಚಾರ ಮಾಡಬ್ಯಾಡ್ರಿ!"

ಅಂಗೈ ಮೇಲೆ ಬರೆದುಕೊಂಡೆ: *ಕಾಲು ಕಾಲು ಕೂಡಿಸು.* ಅಂಗಡಿಗೆ ಓಡಿಬಂದು, ಆ ದೊಡ್ಡ ಪ್ಲಗ್ಗುಗಳ ಜಾಗ ನೋಡಿದೆ. ಒಂದೇ ಸಾಲಿನಲ್ಲಿ ಹನ್ನೆರಡು ದಪ್ಪ ಕಾಲು. ಒಂದೊಂದು ಪ್ಲಗ್ಗಿಗೆ ಆರಾರು ತೂತು. ಯಾವುದು ಎಡಕ್ಕೆ, ಯಾವುದು ಬಲಕ್ಕೆ? ಹೇಗಿಟ್ಟರೂ ಕೂಡುತ್ತಿದ್ದವು! ಪ್ರತಿ ಕಾಲೂ ಅದರದರ ತೂತು ಸೇರುತ್ತಿತ್ತು, ಒಂದರ ಪಕ್ಕ ಒಂದು. ಇಸ್ಮಾಯಿಲ್ ಹಾಕಿದ ಷರತ್ತು ಅಕ್ಷರಶಃ ಪೂರೈಸಿದಂತಾಯಿತು. ಒತ್ತಿ ಕೂರಿಸಿದೆ.

ಅಕ್ಕ ಬಗ್ಗಿ ನೋಡಿದಳು. "ಕರಿ ವಾಯರ್ ಆ ತುದಿಗಿ ಎರಡು, ಈ ತುದಿಗಿ ಎರಡು ಹೋದ್ವಲ್ಲೋ. ಮೊದಲ ನಾಕೂ ನಡುವ ಇದ್ದಂಗ ನೆನಪು."

"ನೆನಪು ಸಾಕ್ಷಿ ಅಲ್ಲ. ಪುರಾವಿ ಏನದ?"

"ಕಣ್ಣಿಲೆ ನೋಡೇನಿ!"

"ಕಣ್ಣು ಮೋಸ ಮಾಡ್ತದ. ನಿನಗ ಎರಡು ನಿಮಿಷ ಕೊಡ್ತೇನಿ, ನಿನ್ನ ಪಕ್ಷ ಮಂಡಿಸು."

ಅಕ್ಕ ಪಕ್ಷ ಮಂಡಿಸಲಿಲ್ಲ. ಕಸಬರಿಗೆ ಹುಡುಕಿದಳು. ಪ್ರತಿವಾದಿ ವೇದಿಕೆ ಬಿಟ್ಟು ಹೋಗಿದ್ದಾಳೆಂದು ನಾನು ಗೆಲುವು ಘೋಷಿಸಿಕೊಂಡು ಸ್ವಿಚ್ಚು ಒತ್ತಿದೆ.

ಫಟ್!

ಪುರಾವೆ ಬಂತು. ಬೂದು ಬಣ್ಣದ್ದು, ಸುರುಳಿ ಸುರುಳಿಯಾಗಿ, ಬೋರ್ಡಿನ ನಡುವಿನಿಂದ ಮೇಲೇರಿ ತೊಲೆ ಮುಟ್ಟಿತು.

ಅಕ್ಕ ಬೂತಿಗೆ ಓಡಿದಳು. ಅಲ್ಲಿಂದ ಅವಳ ದನಿ ನನ್ನವರೆಗೆ ಕೇಳುತ್ತಿತ್ತು: "ಭಾಯಿ, ಹೊಗಿ ಬಂತ್ರಿ! ನಿಮ್ಮ ಕಾಲಿಗೆ ಬೀಳ್ತೇನಿ, ಇನ್ನೊಂದು ಬೋರ್ಡ್ ತಗೊಂಡು ಮೊದಲನೇ ಬಸ್ಸಿಗೆ ಬರ್ರಿ!"

ಹೊಗೆ ಕಂಡು ಮಾವ ಬಂದರು. ಕೈಯಲ್ಲಿ ಅಳತೆಯ ಟೇಪು. ನನಗೇನೂ ಬೈಯಲಿಲ್ಲ. "ಈ ತುದಿ ಹಿಡಿ ತಮ್ಮಾ," ಎಂದು ಟೇಪಿನ ತುದಿ ನನ್ನ ಕೈಗೆ ಕೊಟ್ಟು ಗೋಡೆ ಅಳೆದರು. "ಇಲ್ಲಿ ಐವತ್ತು ಚೀಲ ಹಿಡೀತಾವ ನೋಡು." ನಾನು ಹಿಡಿದುಕೊಂಡೆ. ಅಕ್ಕನ ಅಂಗಡಿಯ ಗೋರಿಗೆ ಅಳತೆ ಹಿಡಿದವನು ನಾನೇ!

ಮೂರೂಮುಕ್ಕಾಲಿಗೆ ಇಸ್ಮಾಯಿಲ್ ಬಸ್ಸಿನಿಂದ ಇಳಿದ. ಟವೆಲಿನಲ್ಲಿ ಸುತ್ತಿದ ಹಳೆಯ ಬೋರ್ಡನ್ನು ಹಸುಗೂಸಿನಂತೆ ಎದೆಗವಚಿಕೊಂಡಿದ್ದ. ನಮ್ಮ ಬೋರ್ಡು ನೋಡಿ ತಲೆ ಕೊಡವಿದ.

"ಕಾಲಾ ಕಾಲಾ ಕೂಡಿಸ್ರಿ ಅಂದಿದ್ನಲ್ರೀ!"

"ಕೂಡಿಸೇನಲ್ಲ! ಹನ್ನೆರಡೂ ಕಾಲು ಕೂಡ್ಯಾವ!"

ಇಸ್ಮಾಯಿಲ್ ನನ್ನ ಅಂಗೈ ಓದಿದ. ನನ್ನ ಮುಖ ನೋಡಿದ. "ಕಾಲ್ ಅಲ್ರೀ ಸಾಬ್ರ! ಕಾಲಾ! ಕಾಲಾ ಅಂದ್ರ ಕರಿದು! ಕರಿ ವಾಯರ್ ಬಾಜೂಕ ಕರಿ ವಾಯರ್!"

ನಾನು ಸುಮ್ಮನಿರಬಹುದಿತ್ತು. ಇರಲಿಲ್ಲ. ಕನ್ನಡದಲ್ಲಿ ನಡೆದ ಸಂಭಾಷಣೆಯೊಳಗೆ ಮುನ್ಸೂಚನೆಯಿಲ್ಲದೆ ದಖನಿ ಉರ್ದು ಪದ ಪ್ರಯೋಗಿಸುವುದು ನ್ಯಾಯವೇ, 'ಕರಿ' ಎಂಬ ಅಚ್ಚಗನ್ನಡ ಪದ ಲಭ್ಯವಿರುವಾಗ ಅದನ್ನು ಬಳಸದ ಹೊಣೆ ಹೇಳುಗನದೋ ಕೇಳುಗನದೋ ಎಂದು ಮೂರು ಅಂಶಗಳಲ್ಲಿ ವಾದಿಸಿದೆ. ಇಸ್ಮಾಯಿಲ್ ತಾಳ್ಮೆಯಿಂದ ಕೇಳಿದ.

"ಹೌದ್ರಿ, ನೀವ ಗೆದ್ರಿ," ಅಂದ. "ಬೋರ್ಡ್ ಸತ್ತದ."

ಪುಣ್ಯಕ್ಕೆ ಪತ್ರಿಕೆ ಇದ್ದ ಡಿಸ್ಕು ಬೇರೆ. ಅದಕ್ಕೆ ಬೇರೆ ಪ್ಲಗ್ಗು. ಅದು ಉಳಿದಿರಬಹುದು ಎಂದ. ಉಳಿದಿರಬಹುದು! ಅಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಳು. ಇಸ್ಮಾಯಿಲ್ ತಂದ ಬೋರ್ಡು ಕೂರಿಸಿದ. ಕರಿ ಬಾಜೂಕ ಕರಿ. ಸ್ವಿಚ್ಚು ಒತ್ತಿದ. ನಾನು ಬಾಗಿಲ ಹೊರಗೆ ನಿಂತಿದ್ದೆ, ಹಾಗೆಂದು ಆದೇಶವಾಗಿತ್ತು.

ಪರದೆ ಬೆಳಗಿತು. ಗಣಪತಿ ಬಂದ, ಗೌಡರ ಮಗಳು ಬಂದಳು, ನೂರಾ ಹದಿನೆಂಟು ಸಂಬಂಧಿಕರು ಒಬ್ಬರ ಮೇಲೊಬ್ಬರು ಹಿರಿತನದಂತೆ ಬಂದು ನಿಂತರು. ಅಕ್ಕ ಅಲ್ಲೇ ಕುರ್ಚಿಯ ಮೇಲೆ ಕುಸಿದಳು.

ಅವನ ಬೋರ್ಡಿನಲ್ಲೂ ಸಣ್ಣ ಕಾಲುಗಳಿಗೆ ಹೆಸರಿರಲಿಲ್ಲ. ಇಸ್ಮಾಯಿಲ್ ಸ್ಕ್ರೂಡ್ರೈವರಿನ ತುದಿಯಿಂದ ಎರಡು ಕಾಲು ಮೆಲ್ಲಗೆ ಮುಟ್ಟಿದ, ಏನೂ ಆಗಲಿಲ್ಲ. ಮುಂದಿನ ಎರಡು ಮುಟ್ಟಿದ. ಕಂಪ್ಯೂಟರು ಮರಳಿ ಶುರುವಾಯಿತು. "ಇವು ರೀಸೆಟ್," ಎಂದು ಅಲ್ಲಿ ಗುಂಡಿಯ ಪ್ಲಗ್ಗು ಸಿಕ್ಕಿಸಿದ. ಗೊತ್ತಾಗದ್ದನ್ನು ಖಾಲಿ ಬಿಟ್ಟ. ಬಾಗಿಲಿನಿಂದಲೇ ನಾನು ಕೇಳಿದೆ, ಈ ವಿಧಾನಕ್ಕೆ ಏನು ಆಧಾರ ಎಂದು.

"ಏನಿಲ್ರಿ. ಅದು ಏನಂತದ ಅಂತ ಕೇಳಬೇಕು. ನೀವು ಅದಕ್ಕ ಭಾಷಣ ಮಾಡಾಕತ್ತಿದ್ರಿ."

ಐದಕ್ಕೆ ಸರಿಯಾಗಿ ಗೌಡರು ಬಂದರು. ಪ್ರಿಂಟರು ಬೈದು ಮುಗಿಸಿದ ಹಾಳೆಯನ್ನು ಕನ್ನಡಕದ ಕೆಳಗಿನಿಂದ ಒಂದೊಂದೇ ಹೆಸರಾಗಿ ಓದಿದರು. ಮಾವ ಟೇಪು ಹಿಡಿದು ಮೂಲೆಯಲ್ಲಿ ಕಾಯುತ್ತಿದ್ದರು. ಕೊನೆಯ ಹೆಸರು ಮುಗಿಸಿ ಗೌಡರು "ಭೇಷ್ ಆಗ್ಯಾದ ತಂಗಿ. ಹೊಡಿ ಅಚ್ಚು!" ಅಂದರು. ಮಾವನ ಟೇಪು ಸರ್ರೆಂದು ಡಬ್ಬಿಯೊಳಗೆ ಸುತ್ತಿಕೊಂಡಿತು.

ಎದ್ದವರು ಬಾಗಿಲಲ್ಲಿ ನಿಂತು ಗಾಳಿ ಮೂಸಿದರು. "ಏನರ ಸುಟ್ಟ ವಾಸನಿ ಬರಾಕತ್ತದಲ್ಲ?"

"ಏನಿಲ್ರಿ ಗೌಡ್ರ," ಅಂದಳು ಅಕ್ಕ, ಹಾಳೆ ಮಡಚುತ್ತಾ. "ನಮ್ಮ ತಮ್ಮ ವಿಚಾರ ಮಾಡಿದ್ದ."

ನಾನು ಖಂಡಿಸಲು ಎದ್ದುನಿಂತೆ. ಬೆರಳೆತ್ತಿದೆ. ಬಾಯಿ ತೆರೆದೆ.

ಕೆಮ್ಮು ಬಂತು.