ಐದು ಹಾಡುಗಾರರು, ಎಂಟು ಅಭಿಮಾನಿಗಳು

ಮನುಷ್ಯ ಯಾವುದನ್ನಾದರೂ ಸ್ವಲ್ಪ ಇಷ್ಟಪಟ್ಟರೆ ಸಾಕು, ಉಳಿದದ್ದೆಲ್ಲ ತಾನಾಗಿಯೇ ಅವನ ಮೇಲೆ ಬಂದು ಬೀಳುತ್ತದೆ. ನನ್ನ ಮೇಲಂತೂ ಸಿಡ್ನಿಗೆ ಬಂದಾಗಿನಿಂದ ಬೀಳುತ್ತಲೇ ಇದೆ. ನಾನು ಇಷ್ಟಪಟ್ಟದ್ದು ಅಮೆರಿಕದ ಒಂದು ಹಾಡುಗಾರರ ಗುಂಪನ್ನು. ಐದು ಜನ ಕಪ್ಪು ಗಾಯಕರು, ಅರವತ್ತರ ದಶಕದವರು. ಸೋಲ್ ಎನ್ನುವ ಬಗೆಯ ಸಂಗೀತ. ಒಬ್ಬ ಮುಂದೆ ನಿಂತು ಎದೆಯ ನೋವನ್ನೆಲ್ಲ ತೋಡಿಕೊಂಡರೆ ಉಳಿದ ನಾಲ್ವರು ಹಿಂದೆ ನಿಂತು ಹೌದು ಹೌದು ಎಂದು ಒಪ್ಪುತ್ತಾರೆ. ಗುಂಪಿನ ಹೆಸರು ಹೇಳುವುದಿಲ್ಲ. ಹೇಳಿದರೂ ನೀವು ಕೇಳಿರುವುದಿಲ್ಲ. ನಮ್ಮ ಕಷ್ಟವೆಲ್ಲ ಅದೇ.

೧. ಹೊರಗೆ ಬಾರದ ಕ್ಯಾಸೆಟ್

ಎಂಬತ್ತರ ದಶಕದ ಕೊನೆಯಲ್ಲಿ ಮೈಸೂರಿನಿಂದ ಬಂದು, ಒಳಚರಂಡಿ ಪೈಪುಗಳ ಡಿಸೈನ್ ಮಾಡುವ ಒಂದು ಆಫೀಸಿನಲ್ಲಿ ಎಂಜಿನಿಯರ್ ಆಗಿ ಸೇರಿದೆ. ಸಿಡ್ನಿಯ ಹ್ಯಾರಿಸ್ ಪಾರ್ಕ್ ಬಡಾವಣೆಯಲ್ಲಿ ರೆಂಟಿಗೆ ಮನೆ. ಪಕ್ಕದ ಮೇಜಿನಲ್ಲಿ ಕೂರುತ್ತಿದ್ದ ಆಸ್ಟ್ರೇಲಿಯನ್ ನನಗಿಂತ ಹದಿನೈದು ವರ್ಷ ದೊಡ್ಡವರು. ಅದೇ ದಾರಿಯಲ್ಲಿ ಕಾರಿನಲ್ಲಿ ಬರುತ್ತಿದ್ದವರು, ಟ್ರೇನ್ ಯಾಕೆ, ನನ್ನ ಜೊತೆ ಬಾ ಅಂದರು. ಮುಂದೆ ಇವರೇ ನಮ್ಮ ಅಭಿಮಾನಿಗಳ ಸಂಘದ ಅಧ್ಯಕ್ಷರಾದ್ದರಿಂದ ಈಗಲೇ ಅಧ್ಯಕ್ಷರು ಎಂದುಬಿಡುತ್ತೇನೆ.

ಅವರ ಕಾರಿನ ಟೇಪ್ ಪ್ಲೇಯರಿನಲ್ಲಿ ಒಂದು ಕ್ಯಾಸೆಟ್ ಸಿಕ್ಕಿಹಾಕಿಕೊಂಡಿತ್ತು. ಹೊರಗೆ ಬರುತ್ತಿರಲಿಲ್ಲ. ಕೀ ತಿರುಗಿಸಿದರೆ ಹಾಡು ಶುರುವಾಗುತ್ತಿತ್ತು.

ಮೊದಲ ವಾರ ಮರ್ಯಾದೆಗೆ ಸುಮ್ಮನಿದ್ದೆ. ಎರಡನೆಯ ವಾರ ಕೇಳಿದೆ, "ಇದನ್ನ ನಿಲ್ಲಿಸೋದು ಹೇಗೆ?"

ಅಧ್ಯಕ್ಷರು ಯೋಚನೆ ಮಾಡಿ ಹೇಳಿದರು, "ಎಂಜಿನ್ ಆಫ್ ಮಾಡಬೇಕು."

ಹೋಗುವಾಗ ಕ್ಯಾಸೆಟ್ಟಿನ ಒಂದು ಕಡೆ, ಬರುವಾಗ ಇನ್ನೊಂದು ಕಡೆ, ಹೀಗೆ ಎರಡು ವರ್ಷ ಕೇಳಿದೆ. ಮೊದಲು ತಲೆನೋವು ಬರುತ್ತಿತ್ತು. ಆಮೇಲೆ ಅಭ್ಯಾಸವಾಯಿತು. ಒಂದು ದಿನ ಅಧ್ಯಕ್ಷರಿಗೆ ಜ್ವರ ಬಂದು ನಾನು ಟ್ರೇನಿನಲ್ಲಿ ಹೋಗಬೇಕಾಯಿತು. ಕಿಟಕಿಯ ಹೊರಗೆ ನೋಡುತ್ತಾ ಹಿಂದೆ ನಿಲ್ಲುವ ನಾಲ್ವರ ಪಾಲನ್ನು ನಾನೊಬ್ಬನೇ ಗುನುಗುತ್ತಿದ್ದೆ. ಪಕ್ಕದಲ್ಲಿದ್ದಾಕೆ ಎದ್ದು ಬೇರೆ ಸೀಟಿಗೆ ಹೋದಳು. ಆಗಲೇ ಗೊತ್ತಾಯಿತು, ನನ್ನ ಕಥೆ ಮುಗಿಯಿತು ಅಂತ.

ಸ್ನಾನ ಮಾಡುವಾಗಲೂ ಅದೇ ಹಾಡು ಕೇಳಿ ಹೆಂಡತಿ ವಿಚಾರಿಸಿದಳು, "ಏನು ಅಂತಾರೆ ಅದರಲ್ಲಿ?"

"ಹೋಗಬೇಡ ಅಂತಾರೆ."

"ಯಾರಿಗೆ?"

"ಅವಳಿಗೆ."

"ಹೋದಳಾ?"

"ಎರಡು ವರ್ಷದಿಂದ ಹೋಗ್ತಾನೇ ಇದ್ದಾಳೆ."

೨. ಅವರಲ್ಲ

ಇವರದೇ ಕಾಲದ, ಇವರ ಹಾಗೇ ಐದು ಜನರಿದ್ದ, ಹೆಸರೂ ಸುಮಾರು ಇವರ ಹೆಸರಿನ ಹಾಗೇ ಕೇಳಿಸುವ ಇನ್ನೊಂದು ಗುಂಪಿದೆ. ಅವರು ಜಗತ್ಪ್ರಸಿದ್ಧರು. ಯಾವ ಅಂಗಡಿಯಲ್ಲಿ ನಮ್ಮವರ ರೆಕಾರ್ಡ್ ಕೇಳಿದರೂ ಅವರದನ್ನು ಕೊಡುತ್ತಿದ್ದರು.

"ಇವರಲ್ಲ," ಎನ್ನುತ್ತಿದ್ದೆ.

"ಇವರೇ ಚೆನ್ನಾಗಿರೋದು," ಎನ್ನುತ್ತಿದ್ದರು ಅಂಗಡಿಯವರು.

ವಾದ ಮಾಡಿ ಮಾಡಿ ಸಾಕಾಗಿ ಬರೀ ತಲೆಯಾಡಿಸಿ ಹೊರಗೆ ಬರುವುದನ್ನು ಕಲಿತೆ. ಆ ವರ್ಷ ನನ್ನ ಹುಟ್ಟುಹಬ್ಬಕ್ಕೆ ಹೆಂಡತಿ ಕೆಲಸಕ್ಕೆ ರಜೆ ಹಾಕಿ, ಮಗಳನ್ನು ಕರೆದುಕೊಂಡು ಸಿಟಿಯೆಲ್ಲ ಸುತ್ತಿ ಒಂದು ರೆಕಾರ್ಡ್ ತಂದಳು. ಬಣ್ಣದ ಕಾಗದ ಬಿಚ್ಚಿದರೆ, ಅವರೇ. ಅವಳ ಮುಖ ನೋಡಿ ಸುಳ್ಳು ಹೇಳಿದೆ. ಇದೇ ನನಗೆ ಬೇಕಾಗಿದ್ದದ್ದು ಅಂದೆ. ಅದರಿಂದ ಮುಂದಿನ ಮೂರು ಹುಟ್ಟುಹಬ್ಬಕ್ಕೂ ಅವರೇ ಬಂದರು. ನಾಲ್ಕನೆಯ ವರ್ಷ ಮಗಳು ನನ್ನನ್ನು ಪಕ್ಕಕ್ಕೆ ಕರೆದು ಇಂಗ್ಲಿಷಿನಲ್ಲಿ ಹೇಳಿದಳು, "ಅಪ್ಪಾ, ಅಮ್ಮನಿಗೆ ಮೊದಲ ವರ್ಷವೇ ಗೊತ್ತಾಗಿತ್ತು. ನೀನು ಯಾವಾಗ ನಿಜ ಹೇಳ್ತೀಯ ಅಂತ ಕಾಯ್ತಾ ಇದ್ದಾಳೆ."

೩. ಸಾಮಾನ್ಯ ಸದಸ್ಯೆ

ಅಧ್ಯಕ್ಷರ ಮನೆಯ ಗ್ಯಾರೇಜಿನಲ್ಲಿ ತಿಂಗಳಿಗೊಂದು ಭಾನುವಾರ ಮಧ್ಯಾಹ್ನ ಅಭಿಮಾನಿಗಳು ಸೇರುತ್ತಿದ್ದೆವು. ಕುರ್ಚಿ ಜೋಡಿಸುವುದು, ಕುರ್ಚಿ ಮಡಚುವುದು, ಟೀ ಮಾಡುವುದು ಮೂರೂ ಕಾರ್ಯದರ್ಶಿಯ ಕೆಲಸ. ಕಾರ್ಯದರ್ಶಿ ನಾನು. ಒಟ್ಟು ಏಳು ಜನ, ಏಳು ಜನಕ್ಕೂ ಪದವಿ. ಅಧ್ಯಕ್ಷ, ಉಪಾಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ, ಸಂಪಾದಕ, ಗ್ರಂಥಪಾಲಕ, ಸದಸ್ಯತ್ವ ವೃದ್ಧಿ ಅಧಿಕಾರಿ. ಕೊನೆಯವರು ಮೂರು ವರ್ಷದಿಂದ ಯಾರನ್ನೂ ವೃದ್ಧಿ ಮಾಡಿರಲಿಲ್ಲ.

ಒಂದು ಭಾನುವಾರ ಹಲ್ಲಿನ ಆಸ್ಪತ್ರೆಯ ನರ್ಸ್ ಒಬ್ಬರು ಗ್ಯಾರೇಜಿನ ಬಾಗಿಲಲ್ಲಿ ನಿಂತು, ನಾನೂ ಸೇರಬಹುದಾ ಎಂದು ಕೇಳಿದರು. ಖಜಾಂಚಿ ಓಡಿಹೋಗಿ ಕೇಕ್ ತಂದರು. ಅಧ್ಯಕ್ಷರು ಎದ್ದು ನಿಂತು ಸ್ವಾಗತ ಭಾಷಣ ಮಾಡಿದರು. ಆಕೆಗೆ ಮುಜುಗರವಾಗಿ, ನನಗೆ ಏನು ಕೆಲಸ ಕೊಡ್ತೀರಿ ಅಂದರು.

"ದಯವಿಟ್ಟು ಏನೂ ಬೇಡ," ಅಂದರು ಅಧ್ಯಕ್ಷರು. "ನೀವು ಸುಮ್ಮನೆ ಕೂತರೆ ಸಾಕು. ನಮಗೆ ಇಷ್ಟು ದಿನ ಸಾರ್ವಜನಿಕರೇ ಇರಲಿಲ್ಲ."

೪. ಬುಧವಾರ ಎರಡೂ ನಲವತ್ತು

ರೇಡಿಯೋದಲ್ಲಿ ಹಳೆಯ ಹಾಡುಗಳ ಕಾರ್ಯಕ್ರಮವೊಂದಿತ್ತು. ಪ್ರತಿ ವಾರ ಫೋನ್ ಮಾಡಿ ನಮ್ಮವರ ಹಾಡು ಹಾಕಿ ಎಂದು ಕೇಳುವುದು ನನ್ನ ಪಾಲಿಗೆ ಬಂತು. ಐದನೆಯ ವಾರ ನಾನು ಹಲೋ ಅನ್ನುವಷ್ಟರಲ್ಲೇ ಆ ಕಡೆಯಿಂದ, "ಮತ್ತೆ ನೀವಾ" ಎಂಬ ಧ್ವನಿ ಬಂತು. ನನ್ನ ಮೈಸೂರು ಇಂಗ್ಲಿಷ್ ಬಚ್ಚಿಟ್ಟುಕೊಳ್ಳುವಂಥದ್ದಲ್ಲ. ಆಮೇಲೆ ಒಬ್ಬೊಬ್ಬರಾಗಿ ಬೇರೆಯವರು ಮಾಡಿದರು. ಕೊನೆಗೆ ನಿರೂಪಕ ಖಜಾಂಚಿಯನ್ನು ಕೇಳಿದನಂತೆ, "ಒಟ್ಟು ಎಷ್ಟು ಜನ ಇದ್ದೀರಿ?"

"ಎಂಟು."

"ಎಂಟೂ ಜನಕ್ಕೆ ಹೇಳಿ, ಬುಧವಾರ ಎರಡೂ ನಲವತ್ತಕ್ಕೆ ಕೇಳಲಿ. ಆಮೇಲೆ ನನ್ನನ್ನ ಬಿಟ್ಟುಬಿಡಲಿ."

ಬುಧವಾರ ಎಂಟೂ ಜನ ಅರ್ಧ ದಿನ ರಜೆ ಹಾಕಿ ಗ್ಯಾರೇಜಿನಲ್ಲಿ ರೇಡಿಯೋ ಸುತ್ತ ಕೂತೆವು. ಹೇಳಿದ ಸಮಯಕ್ಕೆ ಹಾಡು ಬಂತು. ಶುರುವಿನ ವಾದ್ಯ ನುಡಿಯುತ್ತಿದ್ದಾಗಲೇ ಅದರ ಮೇಲೆ ನಿರೂಪಕ ಹವಾಮಾನ ವರದಿ ಓದಿದ. ಪಲ್ಲವಿ ಮುಗಿಯುತ್ತಿದ್ದಂತೆ ಹಾಡು ಸಣ್ಣಗಾಯಿತು, ಹೈವೇಯಲ್ಲಿ ಕುರಿ ತುಂಬಿದ ಲಾರಿಯೊಂದು ಮಗುಚಿದೆ ಎಂಬ ಸುದ್ದಿ ಬಂತು. ಚಾಲಕನಿಗಾಗಲಿ ಕುರಿಗಳಿಗಾಗಲಿ ಏನೂ ಆಗಿರಲಿಲ್ಲವಂತೆ. ಖಜಾಂಚಿಯವರಿಗೆ ಅದರಿಂದ ಯಾವ ಸಮಾಧಾನವೂ ಆಗಲಿಲ್ಲ.

೫. ಅರ್ಧ ಸ್ವರ

ತೊಂಬತ್ತರ ದಶಕದ ಆರಂಭದಲ್ಲಿ ನಮ್ಮ ಅತ್ತೆಯವರು ಮೂರು ತಿಂಗಳು ಇದ್ದು ಹೋಗಲು ಮೈಸೂರಿನಿಂದ ಬಂದರು. ನಲವತ್ತು ವರ್ಷ ಸಂಗೀತ ಪಾಠ ಹೇಳಿದವರು. ಅವರ ಹತ್ತಿರ ಕಲಿಯಲು ಹೋದ ಹುಡುಗಿಯರಲ್ಲಿ ಅಳದೆ ಮನೆಗೆ ಬಂದವರು ಕಡಿಮೆ. ಒಂದು ಭಾನುವಾರ ಹೆಂಡತಿಗೆ ಡ್ಯೂಟಿ ಇತ್ತು. ಹೊಸ ಊರಿನಲ್ಲಿ ಅವರೊಬ್ಬರನ್ನೇ ಬಿಡುವುದು ಹೇಗೆಂದು ಗ್ಯಾರೇಜಿಗೆ ಕರೆದುಕೊಂಡು ಹೋದೆ. ರೇಷ್ಮೆ ಸೀರೆ, ಮೇಲೆ ನನ್ನ ಸ್ವೆಟರ್, ಕಾಲಿಗೆ ಮಗಳ ಬಿಳಿ ಶೂ. ಮುಂದಿನ ಕುರ್ಚಿಯಲ್ಲಿ ಕೂತರು.

ಅತಿಥಿಗೆಂದು ಅಧ್ಯಕ್ಷರು ಗುಂಪಿನ ಅತ್ಯಂತ ಒಳ್ಳೆಯ ಹಾಡು ಎಂದು ನಾವೆಲ್ಲ ನಂಬಿದ್ದದ್ದನ್ನು ಹಾಕಿದರು. ಎಲ್ಲರೂ ಕಣ್ಣು ಮುಚ್ಚಿದರು. ಅತ್ತೆ ತೊಡೆಯ ಮೇಲೆ ತಾಳ ಹಾಕುತ್ತಾ ಕೊನೆಯವರೆಗೂ ಕೇಳಿ, ಕನ್ನಡದಲ್ಲಿ ಹೇಳಿದರು, "ದಪ್ಪ ಧ್ವನಿಯವನು ಪರವಾಗಿಲ್ಲ. ಎರಡನೆಯವನಿಗೆ ಶ್ರುತಿ ನಿಲ್ಲೋದಿಲ್ಲ."

ಏನಂದರು ಎಂದು ಎಲ್ಲರೂ ನನ್ನ ಕಡೆ ತಿರುಗಿದರು.

"ತುಂಬಾ ಮನಸ್ಸಿಗೆ ತಟ್ಟಿತು ಅಂತಿದ್ದಾರೆ," ಅಂದೆ.

ಅಧ್ಯಕ್ಷರು ಎದೆಯ ಮೇಲೆ ಕೈಯಿಟ್ಟುಕೊಂಡು ತಲೆಬಾಗಿದರು. ಅತ್ತೆಗೆ ಇಂಗ್ಲಿಷ್ ಬರುವುದಿಲ್ಲ ಎಂದೇ ನಾನು ಹನ್ನೆರಡು ವರ್ಷದಿಂದ ತಿಳಿದುಕೊಂಡಿದ್ದೆ. ಅವರು ನನ್ನನ್ನೇ ನೋಡುತ್ತಾ ನಿಧಾನವಾಗಿ ಹೇಳಿದರು, "ಫ್ಲಾಟ್. ಐ ಸೆಡ್ ಫ್ಲಾಟ್."

ಶ್ರುತಿಗಿಂತ ಕೆಳಗೆ ಅನ್ನಲು ಇಂಗ್ಲಿಷಿನಲ್ಲಿ ಸರಿಯಾದ ಶಬ್ದವೇ ಅದು. ಖಜಾಂಚಿ ಎದ್ದು ಸಿಗರೇಟು ಸೇದಲು ಹೊರಗೆ ಹೋದರು. ಅಧ್ಯಕ್ಷರು ಹಾಡನ್ನು ಮತ್ತೆ ಹಾಕಿದರು. ಒಂದು ಜಾಗದಲ್ಲಿ ಅತ್ತೆಯ ಬೆರಳು ಮೇಲೆದ್ದಿತು. ಮೂರನೆಯ ಸಲವೂ ಸರಿಯಾಗಿ ಅದೇ ಜಾಗದಲ್ಲಿ ಎದ್ದಿತು. ಆ ದಿನ ಟೀ ಯಾರೂ ಕುಡಿಯಲಿಲ್ಲ.

ಎರಡು ವಾರ ಅಧ್ಯಕ್ಷರು ನನ್ನ ಜೊತೆ ಪೈಪುಗಳ ವಿಷಯ ಬಿಟ್ಟು ಬೇರೇನೂ ಮಾತಾಡಲಿಲ್ಲ. ಮೂರನೆಯ ವಾರ ಮನೆಗೇ ಬಂದು ಅತ್ತೆಯ ಎದುರು ಕೂತರು.

"ಇಪ್ಪತ್ತೈದು ವರ್ಷದಿಂದ ಆ ಸಾಲು ಬಂದಾಗಲೆಲ್ಲ ನನಗೆ ಎದೆಯಲ್ಲಿ ಏನೋ ಆಗ್ತಿತ್ತು," ಅಂದರು. "ಅದು ಪ್ರೇಮ ಅಂದುಕೊಂಡಿದ್ದೆ. ಈಗ ನೋಡಿದರೆ ಅವನು ಅರ್ಧ ಸ್ವರ ಕೆಳಗಿದ್ದ, ಅಷ್ಟೇ."

ಈ ಸಲ ಒಂದು ಮಾತೂ ಬದಲಿಸದೆ ಅನುವಾದ ಮಾಡಿದೆ. ಅತ್ತೆ ಹೇಳಿದರು, "ನಮ್ಮ ಯಜಮಾನರೂ ಕೊನೆವರೆಗೂ ಅರ್ಧ ಸ್ವರ ಕೆಳಗೇ ಇದ್ದರು. ನಾನೇನು ಬಿಟ್ಟು ಹೋದೆನಾ, ಕೇಳು ಅವರನ್ನ."

೬. ಮೆಲ್ಬರ್ನ್

ತೊಂಬತ್ತರ ದಶಕದ ಮಧ್ಯದಲ್ಲಿ ಆ ಗುಂಪು ಮೊಟ್ಟಮೊದಲ ಸಲ ಆಸ್ಟ್ರೇಲಿಯಾಕ್ಕೆ ಬಂತು. ಸಿಡ್ನಿಗಲ್ಲ. ಮೆಲ್ಬರ್ನಿನ ಒಂದು ಸಬರ್ಬಿನ ಕ್ಲಬ್ಬಿನಲ್ಲಿ ಒಂದೇ ಒಂದು ಕಾರ್ಯಕ್ರಮ. ಮೂಲದ ಐವರಲ್ಲಿ ಉಳಿದಿದ್ದವರು ದಪ್ಪ ಧ್ವನಿಯ ಒಬ್ಬರೇ. ಮಿಕ್ಕ ನಾಲ್ವರು ಆಮೇಲೆ ಸೇರಿದವರು. ಎಂಟು ಅಭಿಮಾನಿಗಳಲ್ಲಿ ಆರು ಜನಕ್ಕೆ ಹೋಗದಿರಲು ಆರು ಕಾರಣಗಳಿದ್ದವು. ನನಗೂ ಒಂದು ಕಾರಣ ಹುಡುಕುತ್ತಿದ್ದೆ, ನಿಜ ಹೇಳಬೇಕೆಂದರೆ ಅಷ್ಟು ಸುಸ್ತಾಗಿತ್ತು. ಅಧ್ಯಕ್ಷರು ಆ ವರ್ಷ ರಿಟೈರ್ ಆಗುವವರಿದ್ದರು, ಮೊಣಕಾಲು ಎರಡೂ ಕೆಟ್ಟಿದ್ದವು. "ಅವರು ಇನ್ನೊಂದು ಸಲ ಬರೋದಿಲ್ಲ," ಅಂದರು. "ಬಂದರೂ ನಾನು ಹೋಗೋ ಸ್ಥಿತಿಯಲ್ಲಿ ಇರೋದಿಲ್ಲ." ಕಾರಣ ಹುಡುಕುವುದನ್ನು ಬಿಟ್ಟೆ.

ಸರದಿಯ ಮೇಲೆ ಕಾರು ಓಡಿಸುತ್ತಾ ಇಡೀ ದಿನ ಹೋದೆವು. ಹಾಡುಗಾರರು ಎದುರು ಬಂದಾಗ ಹೇಳಬೇಕೆಂದು ಅಧ್ಯಕ್ಷರು ಒಂದು ಭಾಷಣ ಬರೆದಿದ್ದರು. ದಾರಿಯಲ್ಲಿ ಗೌಲ್ಬರ್ನಿನಿಂದ ಆಲ್ಬರಿವರೆಗೆ ಅದನ್ನು ನನಗೆ ಹದಿನಾಲ್ಕು ಸಲ ಒಪ್ಪಿಸಿದರು. ಮೆಲ್ಬರ್ನಿನ ಅಂಚಿನ ಕ್ರೇಗಿಬರ್ನ್ ಹತ್ತಿರ ನನ್ನ ಹಳೆಯ ಗೆಳೆಯ, ಮೈಸೂರಿನ ಡಾಕ್ಟರು, ಇದ್ದ. ಅವನ ಮನೆಯಲ್ಲಿ ತಂಗಿದೆವು. ಬೆಳಿಗ್ಗೆ ಉಪ್ಪಿಟ್ಟು ಬಡಿಸುತ್ತಾ ಕೇಳಿದ, "ಹಾಡು ಕೇಳೋಕೆ ಸಿಡ್ನಿಯಿಂದ ಬಂದ್ರಾ? ಅಲ್ಲಿ ಕ್ಯಾಸೆಟ್ ಸಿಗೋದಿಲ್ವಾ?"

ಕಾರ್ಯಕ್ರಮ ಭಾನುವಾರ ಮಧ್ಯಾಹ್ನ ಮೂರಕ್ಕೆ. ಯಾಕೆಂದರೆ ಸಂಜೆಯ ಹೊತ್ತನ್ನು, ಆ ಜಗತ್ಪ್ರಸಿದ್ಧ ಗುಂಪಿನ ಹಾಗೆ ವೇಷ ಹಾಕಿ ಹಾಡುವ ಸ್ಥಳೀಯ ಹುಡುಗರು ಬುಕ್ ಮಾಡಿದ್ದರು. ನಮ್ಮ ಅಸಲಿಗಳಿಗೆ ಅರವತ್ತು ಜನ ಇದ್ದರು, ಅದರಲ್ಲಿ ಅರ್ಧ ಜನ ಊಟ ಮುಗಿಸಿ ಏಳಲಾರದವರು.

ಹಾಡಿಗೆ ಮೊದಲು ಲಾಟರಿ. ಇಲ್ಲಿನ ಕ್ಲಬ್ಬುಗಳಲ್ಲಿ ಚೀಟಿ ಎತ್ತಿ ಒಂದು ದೊಡ್ಡ ತಟ್ಟೆ ಹಸಿ ಮಾಂಸವನ್ನು ಬಹುಮಾನ ಕೊಡುವ ಪದ್ಧತಿಯಿದೆ. ಜನ್ಮದಲ್ಲಿ ನನಗೆ ಯಾವ ಲಾಟರಿಯೂ ಹೊಡೆದದ್ದಿಲ್ಲ, ಜನ್ಮದಲ್ಲಿ ಮಾಂಸ ಮುಟ್ಟಿದವನೂ ಅಲ್ಲ. ಟಿಕೆಟಿನ ಜೊತೆ ಬಂದಿದ್ದ ನನ್ನ ಚೀಟಿಯ ನಂಬರ್ ಕೂಗಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಹನ್ನೆರಡು ಕುರಿ ಚಾಪ್ಸ್ ಇದ್ದ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು, ಆದಷ್ಟು ಮೇಲಕ್ಕೆ ನೋಡುತ್ತಾ ಕೂತೆ.

ಆಮೇಲೆ ಅವರು ಹಾಡಿದರು. ಹೊಳೆಯುವ ಸೂಟು ಹಾಕಿದ್ದ ಐದು ಜನ ಮುದುಕರು, ಅರವತ್ತು ಜನರ ಮುಂದೆ, ಆರು ಸಾವಿರ ಜನ ಇದ್ದಾರೆ ಎನ್ನುವ ಹಾಗೆ ಹಾಡಿದರು. ಹೆಜ್ಜೆ ಒಂದೂ ಬಿಡಲಿಲ್ಲ. ನಾನು ಪಕ್ಕಕ್ಕೆ ನೋಡಿದಾಗ ಅಧ್ಯಕ್ಷರ ಭುಜ ಅಲುಗುತ್ತಿತ್ತು. ನನ್ನ ಕಣ್ಣೂ ತುಂಬಿತ್ತು, ಒರೆಸಿಕೊಳ್ಳೋಣವೆಂದರೆ ಎರಡೂ ಕೈಯಲ್ಲಿ ತಟ್ಟೆ.

ಮುಗಿದ ಮೇಲೆ ವೇದಿಕೆಯ ಹಿಂದಿನ ಕಾರಿಡಾರಿನಲ್ಲಿ ಕಾದೆವು. ಬಾಗಿಲು ತೆರೆಯಿತು. ದಪ್ಪ ಧ್ವನಿಯವರೇ, ಕುತ್ತಿಗೆಗೆ ಟವೆಲ್. ಅಧ್ಯಕ್ಷರನ್ನು ನೋಡಿದರು, ನನ್ನನ್ನು ನೋಡಿದರು, ತಟ್ಟೆ ನೋಡಿದರು.

"ಅಡುಗೆಮನೆಯವರಾ?" ಎಂದು ಕೇಳಿದರು.

ಅಧ್ಯಕ್ಷರು ಬಾಯಿ ತೆರೆದರು. ಹದಿನಾಲ್ಕು ಸಲ ಒಪ್ಪಿಸಿದ ಭಾಷಣದ ಒಂದು ಶಬ್ದವೂ ಬರಲಿಲ್ಲ. ಬಂದದ್ದು ಇಷ್ಟು: "ಹೇಗೆ ಬೇಯಿಸಬೇಕು ಸರ್?"

"ಚೆನ್ನಾಗಿ ಬೇಯಲಿ," ಅಂದರು ಅವರು.

ಕ್ಲಬ್ಬಿನ ಹಿಂದೆ ಬಾರ್ಬೆಕ್ಯೂ ಒಲೆ ಇತ್ತು. ಅಧ್ಯಕ್ಷರು ಕುಂಟುತ್ತಾ ಹೋಗಿ ಹನ್ನೆರಡನ್ನೂ ತಾವೇ ಬೇಯಿಸಿದರು. ಆ ಹೊಗೆ ತಡೆಯಲಾರದೆ ನಾನು ಕಾರಿನಲ್ಲಿ ಕೂತೆ. ಒಂದೂವರೆ ಗಂಟೆಯ ಮೇಲೆ ಅಧ್ಯಕ್ಷರು, ಮನೆಯಿಂದ ತಂದಿದ್ದ ಹಳೆಯ ರೆಕಾರ್ಡ್ ಕವರ್ ಒಂದನ್ನು ಹಿಡಿದು ಬಂದು ಪಕ್ಕದಲ್ಲಿ ಕೂತರು. ಮರುದಿನ ವಾಪಸು ಬರುವಾಗ ವಾಂಗರಟ್ಟಾ ದಾಟಿದ ಮೇಲೆ ನಾನೇ ಕೇಳಿದೆ.

"ಏನು ಮಾತಾಡಿದ್ರಿ?"

"ಮೊಣಕಾಲಿನ ಬಗ್ಗೆ. ಅವರದೂ ಹೋಗಿದೆ."

"ಹಾಡಿನ ಬಗ್ಗೆ?"

"ಇಲ್ಲ."

"ಸಹಿಯಾದರೂ ಹಾಕಿಸಿಕೊಂಡ್ರಾ?"

ಕವರ್ ಎತ್ತಿ ತೊಡೆಯ ಮೇಲಿಟ್ಟುಕೊಂಡರು. "ಯಾರ ಹೆಸರಿಗೆ ಬರೀಲಿ ಅಂತ ಕೇಳಿದರು," ಅಂದರು. "ನನಗೆ ನನ್ನ ಹೆಸರು ನೆನಪಾಗಲಿಲ್ಲ. ನಿನ್ನದು ನೆನಪಾಯ್ತು."

ನನ್ನ ಹೆಸರು ಏಳಕ್ಷರದ್ದು. ಏಳು ವರ್ಷ ಒಂದೇ ಕಾರಿನಲ್ಲಿ ಓಡಾಡಿದರೂ ಆ ಮನುಷ್ಯ ನನ್ನನ್ನು, ಇಲ್ಲಿ ಎಲ್ಲರೂ ಎಲ್ಲರನ್ನೂ ಕರೆಯುವ ಹಾಗೆ, 'ಮೇಟ್' ಎಂದೇ ಕರೆದವರು. ಕವರ್ ನೋಡಿದೆ. ಹಾಡುಗಾರರ ಸಹಿ ಕೆಳಗೆ ಮೂಲೆಯಲ್ಲಿ ಎರೆಹುಳದ ಹಾಗಿತ್ತು, ಯಾರದೆಂದು ಯಾರೂ ಹೇಳಲಾರರು. ಮೇಲೆ ಅಡ್ಡಕ್ಕೆ, ದಪ್ಪ ಅಕ್ಷರದಲ್ಲಿ, ಸ್ಪೆಲಿಂಗ್ ಒಂದೂ ತಪ್ಪದೆ, ನನ್ನ ಪೂರ್ತಿ ಹೆಸರು. ಇದು ನಿನ್ನದೇ, ಇಟ್ಟುಕೋ ಅಂದರು. ನಾನು ಒಪ್ಪಲಿಲ್ಲ.

ಮರುದಿನ ಸಂಜೆ ಅವರ ಹೆಂಡತಿ ನನಗೆ ಫೋನ್ ಮಾಡಿದರು. ಮೂವತ್ತು ವರ್ಷ ಆ ಹಾಡುಗಳನ್ನು ಸಹಿಸಿಕೊಂಡು ಬಂದವರು, ದನಿಯಲ್ಲಿ ಬೇಸರ ಬಿಟ್ಟು ಬೇರೇನೂ ಇರಲಿಲ್ಲ.

"ಅದನ್ನ ಫ್ರೇಮ್ ಹಾಕಿಸಿ ಹಾಲ್‌ನಲ್ಲಿ ತೂಗುಹಾಕಿದ್ದಾರೆ," ಅಂದರು. "ನನಗೇನೂ ಅಭ್ಯಂತರ ಇಲ್ಲ. ಒಂದೇ ಒಂದು ಹೇಳಿ. ನೀವು ಕೂರೋದು ಇವರ ಪಕ್ಕದ ಮೇಜಿನಲ್ಲೇ ತಾನೇ? ನಿಮ್ಮ ಆಟೋಗ್ರಾಫ್ ತರೋಕೆ ಮೆಲ್ಬರ್ನ್‌ವರೆಗೂ ಯಾಕೆ ಹೋಗಬೇಕಾಗಿತ್ತು?"