ಬೀರೇಶ ಮೈಕು ಹಿಡಿದ ದಿನ

ಆ ದಿನದ ಅನರ್ಥಕ್ಕೆಲ್ಲ ಮೂಲ ಕಕ್ಕೇರಾದ ರಂಗಣ್ಣನ ಹರ್ನಿಯಾ. ಶಹಾಪುರದಲ್ಲೇ ಆಪರೇಶನ್ ಮುಗಿಸಿಕೊಳ್ಳಬಹುದಿತ್ತು. ಆದರೆ ಸ್ವಂತ ಅಕ್ಕನ ಮಗ ಬೀರೇಶ ಯಾದಗಿರಿಯ ಭೀಮಾತೀರ ಮೆಡಿಕಲ್ ಕಾಲೇಜಿನಲ್ಲಿ ಸರ್ಜನ್ ಆಗಲು ಓದುತ್ತಿರುವಾಗ ಪರರ ಕೈಗೆ ಹೊಟ್ಟೆ ಒಪ್ಪಿಸುವುದುಂಟೇ? ಬಂದು ವಾರ್ಡಿನಲ್ಲಿ ಮಲಗಿದ. ಮಲಗಿದ ಎನ್ನುವುದು ಮಾತಿಗೆ. ಎದ್ದು ಕೂತು ಅಕ್ಕಪಕ್ಕದ ಮಂಚದವರಿಗೆಲ್ಲ ಅಳಿಯನ ಗುಣಗಾನ ಮಾಡುತ್ತಿದ್ದ.

"ನನಗ ಆಪರೇಶನ್ ಮಾಡಾಂವ ನಮ್ಮ ಬೀರ್ಯಾನ. ಅಂವ ಈಗಾಗ್ಲೇ ನೂರಾರು ಮಂದೀಗೆ ಮಾಡ್ಯಾನ."

ಈ ನೂರಾರು ಮಂದಿ ಬೀರೇಶನದೇ ಸೃಷ್ಟಿ. ಊರಿಗೆ ಹೋದಾಗಲೆಲ್ಲ ಅವ್ವ "ಎಷ್ಟ ಆಪರೇಶನ್ ಮಾಡಿದ್ಯೋ ಯಪ್ಪಾ" ಎಂದು ಕೇಳುವಳು. ಅವಳ ಮುಖ ಬಾಡಬಾರದೆಂದು ಇವನು ಬಾಯಿಗೆ ಬಂದಷ್ಟು ಹೇಳುವನು. ನಿಜ ಏನೆಂದರೆ, ಪಿಜಿಯ ಕೊನೆಯ ವರ್ಷ ಮುಗಿಯುತ್ತ ಬಂದರೂ ಅವನ ಕೈಗೆ ಒಂದೇ ಒಂದು ಹರ್ನಿಯಾವನ್ನೂ ಯಾರೂ ಬಿಟ್ಟುಕೊಟ್ಟಿರಲಿಲ್ಲ. ರಕ್ತ ಎಳೆ, ಸ್ಟ್ರೆಚರ್ ತಳ್ಳು, ಕೇಸ್ ಶೀಟ್ ಬರೆ, ದೊಡ್ಡವರು ಕೊಯ್ದ ಗಾಯವನ್ನು ಅಗಲಿಸಿ ಹಿಡಿದು ನಿಲ್ಲು. ಇದಕ್ಕೆ ತರಬೇತಿ ಎಂದು ಹೆಸರು! ಇನ್ನು ಕೆಲವೇ ತಿಂಗಳಲ್ಲಿ ಪರೀಕ್ಷೆ, ಆಮೇಲೆ ಯಾವುದೋ ತಾಲೂಕು ಆಸ್ಪತ್ರೆಯಲ್ಲಿ ಒಬ್ಬನೇ. ಅಲ್ಲಿ ತನ್ನ ಚಾಕುವಿನ ಕೆಳಗೆ ಮೊದಲು ಮಲಗುವವನ ಗತಿಯೇನು ಎಂದು ನೆನೆದರೆ ಅವನಿಗೆ ಅನ್ನ ಇಳಿಯುತ್ತಿರಲಿಲ್ಲ.

ಅದೇ ದಿನ ಬೆಂಗಳೂರಿನಿಂದ ಪರಿಶೀಲನಾ ತಂಡವೊಂದು ಬಂದಿತ್ತು. ಪಿಜಿಗಳ ಫೀಡ್‌ಬ್ಯಾಕ್ ಕೇಳಿ ತರಬೇತಿ ಸುಧಾರಿಸುತ್ತಾರಂತೆ. ಪ್ರತಿವರ್ಷ ಕಾಲೇಜಿನವರೂ ಕೇಳುತ್ತಿದ್ದರು. ಸುಧಾರಿಸಿದ್ದು ಸಭೆಯ ಬಿಸ್ಕೀಟು ಮಾತ್ರ.

"ಈ ಸಲ ಬಿಡಬಾರದಲೇ. ನೀ ಎದ್ದು ಹೇಳು, ನಿನ್ನ ಹಿಂದ ನಾವೆಲ್ಲಾ ಅದೀವಿ" ಎಂದು ಹುರಿದುಂಬಿಸಿದ ಜೊತೆಗಾರ ಶಾಂತಕುಮಾರ.

ಹಿಂದೆ ಇದ್ದದ್ದು ನಿಜವೇ. ಬೀರೇಶ ಎದ್ದು ನಿಂತಾಗ ಅವರೆಲ್ಲ ಹಿಂದಿನ ಸಾಲಿನಲ್ಲಿ ಕೂತು ಮೊಬೈಲು ನೋಡುತ್ತಿದ್ದರು. ವೇದಿಕೆಯ ಮೇಲೆ ಸರ್ಜರಿ ವಿಭಾಗದ ಮುಖ್ಯಸ್ಥ ಡಾಕ್ಟರ್ ಬಸವಂತ್ರಾಯರು ತಂಡದವರ ಪಕ್ಕ ನಗುತ್ತ ಕೂತಿದ್ದರು. ಆ ನಗು ನೋಡಿ ಇವನು ಪಿಸುದನಿಯಲ್ಲಿ ಶುರುಮಾಡಿದ.

"ಕೇಳಿಸ್ತಿಲ್ಲಪ್ಪ, ಮೈಕ್ ತಗೊಳ್ಳಿ" ಎಂದರು ತಂಡದವರು.

ಆಸ್ಪತ್ರೆಯ ಮೈಕು, ಸ್ಪೀಕರು ನೋಡಿಕೊಳ್ಳುವ ಅಸದ ಓಡಿ ಬಂದ. ಅವನಿಗೆ ಬೀರೇಶನೆಂದರೆ ಪ್ರಾಣ. "ಮಾತಾಡ್ರಿ ಸಾಹೇಬ್ರ, ಜಬರ್‌ದಸ್ತ್ ಕೇಳಸ್ತದ" ಎಂದು ಮೈಕು ಕೊಟ್ಟು ಹೋದ.

ಮೈಕು ಕೈಗೆ ಬಂದರೆ ನಮ್ಮ ಕಡೆಯವರಿಗೆ ಎಲ್ಲಿಲ್ಲದ ಧೈರ್ಯ ಬರುತ್ತದೆ.

"ಸರ್, ಮೂರು ವರ್ಷ ಆಗಾಕ ಬಂತ್ರಿ. ಒಂದ ಹರ್ನಿಯಾನೂ ನಾ ಸ್ವಂತ ಮಾಡಿಲ್ಲ. ಚಾಕು ಹಿಡಿಯೂದು ಯಾರೂ ಕಲಿಸಿಲ್ಲ. ಇವತ್ತ ನನ್ನ ಕೈಯಾಗ ಪೇಶಂಟ್ ಕೊಟ್ರ ನನಗ ಹೆದರಿಕಿ ಆಗ್ತದ. ನಾ ಡಾಕ್ಟರ್ ಅಲ್ರಿ, ಸ್ಟ್ರೆಚರ್ ತಳ್ಳೂ ಹಮಾಲ!"

ಬಸವಂತ್ರಾಯರು ಎದ್ದರು. ಕತೆ ಮುಗಿಯಿತು ಎಂದುಕೊಂಡ ಬೀರೇಶ.

"ಹುಡುಗ ಖರೇ ಹೇಳ್ಯಾನ" ಎಂದರು ಅವರು, ಇನ್ನೂ ಅಗಲವಾಗಿ ನಗುತ್ತ. "ಮಧ್ಯಾಹ್ನ ಅವರ ಮಾವಂದ ಹರ್ನಿಯಾ ಅದ. ಬೀರೇಶನ ಮಾಡ್ಲಿ, ನಾ ಬಾಜೂಕ ನಿಂತು ಕಲಸ್ತೀನಿ. ಪೇಶಂಟ್ ಒಪ್ಪಿದ್ರ ಸಾಕು."

ತಂಡದವರು ಚಪ್ಪಾಳೆ ತಟ್ಟಿದರು. ಬೀರೇಶ ವಾರ್ಡಿಗೆ ಓಡಿದ. ಮಾವ ಒಪ್ಪದೆ ಇರುತ್ತಾನೆಯೇ? ಅದಕ್ಕಾಗಿಯೇ ಕಕ್ಕೇರಾದಿಂದ ಬಂದವನು!

ಇವನು ಒಳಗೆ ಕಾಲಿಟ್ಟದ್ದೇ ತಡ, ಒಬ್ಬೊಬ್ಬ ರೋಗಿಯೂ ಹೊದಿಕೆಯನ್ನು ಕುತ್ತಿಗೆಯವರೆಗೆ ಎಳೆದುಕೊಂಡ. ರಂಗಣ್ಣ ಗೋಡೆಯ ಕಡೆ ಮುಖ ಮಾಡಿ ಕೂತಿದ್ದ.

"ಮಾವ, ಮಧ್ಯಾಹ್ನ ನಾನ ಮಾಡ್ತೀನಿ!"

"ಹಮಾಲ ಹರ್ನಿಯಾ ಹೆಂಗ ಮಾಡ್ತಾನಪ?"

ಬೀರೇಶ ತಲೆ ಎತ್ತಿದ. ಬಾಗಿಲ ಮೇಲೆ, ರೋಗಿಗಳ ಹೆಸರು ಕೂಗುವ ಸ್ಪೀಕರು. ಅದರಲ್ಲಿ ಶಾಂತಕುಮಾರ ಇಂಪಾಗಿ ವಂದನಾರ್ಪಣೆ ಮಾಡುತ್ತಿದ್ದ.

ಅಷ್ಟರಲ್ಲಿ ಅಸದ ಏದುಸಿರು ಬಿಡುತ್ತ ಬಂದ. "ಏನ್ ಮಾತಾಡಿದ್ರಿ ಸಾಹೇಬ್ರ! ಮಂದೀನೂ ಕೇಳ್ಲಿ ಅಂತ ಎಲ್ಲಾ ವಾರ್ಡಿಗೂ ಚಾಲೂ ಮಾಡಿದ್ದೆ."

"ನಾನ ಎಲ್ಲಾರ್ನೂ ಸುಮ್ಮ ಕುಂದರ್ಸಿದ್ದೆ" ಎಂದ ರಂಗಣ್ಣ, ದನಿ ಒಡೆದು. "ನಮ್ಮ ಅಳಿಯ ಮಾತಾಡಾಕತ್ತಾನ, ಗದ್ಲ ಮಾಡಬ್ಯಾಡ್ರಿ ಅಂತ."

ಬೀರೇಶನಿಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. ಆದರೂ ಆಸೆ ಸಾಯಲಿಲ್ಲ. ಪಕ್ಕದ ಮಂಚದ ವನದುರ್ಗದವನಿಗೂ ಹರ್ನಿಯಾವೇ. ಇವನು ಬಾಯಿ ತೆರೆಯುವ ಮೊದಲೇ ಅವನು ಕೈಮುಗಿದ.

"ನನಗ ಸಣ್ಣ ಸಣ್ಣ ಮಕ್ಕಳದಾವ್ರಿ ಸಾಹೇಬ್ರ."

ಮಧ್ಯಾಹ್ನ ರಂಗಣ್ಣನ ಆಪರೇಶನ್ನನ್ನು ಬಸವಂತ್ರಾಯರೇ ಮಾಡಿದರು. ಬೀರೇಶ ಎದುರು ನಿಂತು ಗಾಯ ಅಗಲಿಸಿ ಹಿಡಿದಿದ್ದ. ಸೊಂಟದ ಕೆಳಗಷ್ಟೇ ಮರಗಟ್ಟಿದ್ದ ರಂಗಣ್ಣನಿಗೆ ಎಚ್ಚರವಿತ್ತು, ಅಳಿಯನ ಸಪ್ಪೆ ಮುಖ ನೋಡಿ ಕರುಳು ಚುರ್ರೆಂದಿತು.

"ಬೀರ್ಯಾ, ನೀ ಕಲೀಬೇಕಪ. ನಿಮ್ಮಂಥಾವ್ರು ಕಲೀದಿದ್ರ ನಮ್ಮಂಥಾ ಮಂದೀಗೆ ಯಾರು ದಿಕ್ಕು?"

ಬೀರೇಶನ ಕಣ್ಣು ತುಂಬಿತು.

"ಆದ್ರ ಬ್ಯಾರೇದವ್ರ ಮ್ಯಾಲ ಕಲಿ."

ಬಸವಂತ್ರಾಯರು ಹೊಲಿಗೆಯಿಂದ ತಲೆ ಎತ್ತದೆ, ಬೀರೇಶನಿಗಷ್ಟೇ ಕೇಳುವಂತೆ ಹೇಳಿದರು: "ನಿನ್ನ ದನಿ ಹೊರಗಿನ ಸ್ಪೀಕರಿನ್ಯಾಗೂ ಬರೂದು ನಾ ಆಗಲೇ ಕೇಳಿದ್ದೆ. ಇಲ್ಲಾಂದ್ರ ಅಷ್ಟ ಲಗೂನ ಕೇಸ್ ಕೊಡತಿದ್ನೇನು?"