ಆರು ಗಂಟೆಯ ಆಕಾಶ

ಗವಿಸಿದ್ದಯ್ಯನ ವಿಮಾನದ ಟಿಕೆಟ್ಟಿನಲ್ಲಿ ಬೆಂಗಳೂರು ಬಿಡುವುದು ಬೆಳಿಗ್ಗೆ ಹತ್ತಕ್ಕೆ, ಫ್ರಾಂಕ್‌ಫರ್ಟ್ ತಲುಪುವುದು ಸಂಜೆ ನಾಲ್ಕಕ್ಕೆ ಎಂದಿತ್ತು. ಬಸವಲಿಂಗಮ್ಮ ಬೆರಳು ಮಡಿಸಿ ಎಣಿಸಿದಳು. ಆರು ಗಂಟೆ. ಮದುವೆಯಾದ ಇಪ್ಪತ್ತೆರಡು ವರ್ಷದಲ್ಲಿ ಗಂಡನ ಫೋನು ಬಾರದ ಆರು ಗಂಟೆ ಅವಳಿಗೆ ಸಿಕ್ಕಿದ್ದೇ ಇಲ್ಲ.

ಅವನ ಗೊಂಬೆ ಕಾರ್ಖಾನೆ ಇದ್ದದ್ದು ಚನ್ನಪಟ್ಟಣದಲ್ಲೇ, ಮನೆಯಿಂದ ಎರಡು ಬೀದಿ ಆಚೆ. ಅಲ್ಲಿಂದಲೇ ದಿನಕ್ಕೆ ಹತ್ತು ಸಲ ‘ಎಲ್ಲಿದ್ದೀಯೆ?’ ಎಂದು ಕೇಳುತ್ತಿದ್ದ. ಈಗ ಗೊಂಬೆಗಳ ಪ್ರದರ್ಶನಕ್ಕೆಂದು ಹದಿನೈದು ದಿನ ಜರ್ಮನಿಗೆ ಹೊರಟಿದ್ದ. ಮಗಳು ಮೈಸೂರಿನ ಹಾಸ್ಟೆಲಿಗೆ ಹೋದಮೇಲೆ ಅವಳ ಸ್ಕೂಟರು ಜಗಲಿಯ ಪಕ್ಕ ಧೂಳು ತಿನ್ನುತ್ತಿತ್ತು. ಈ ವಯಸ್ಸಿನಲ್ಲಿ ಬಿದ್ದು ಸೊಂಟ ಮುರಿದುಕೊಳ್ಳಬೇಡವೆಂದು ಗವಿಸಿದ್ದಯ್ಯ ಅದರ ಬೀಗದಕೈ ಬಚ್ಚಿಟ್ಟಿದ್ದ. ಬಚ್ಚಿಟ್ಟ ಜಾಗ ಅವಳಿಗೆ ಗೊತ್ತಿತ್ತು. ಅವನು ಕಾರ್ಖಾನೆಯಲ್ಲಿ ಉಂಡು ಮಲಗುವ ಮುಕ್ಕಾಲು ಗಂಟೆಯಲ್ಲೇ ಮೂರು ತಿಂಗಳು ಕಲಿತಿದ್ದಳು. ಲೈಸೆನ್ಸಿನ ಪರೀಕ್ಷೆ ರಾಮನಗರದಲ್ಲಿ, ಇವತ್ತೇ.

ಸಾಲಿನಲ್ಲಿ ನಿಂತವಳು ನಿಮಿಷಕ್ಕೊಮ್ಮೆ ಗಡಿಯಾರ ನೋಡಿದಳು. ಎಂಟರ ಆಕಾರದಲ್ಲಿ ಗಾಡಿ ತಿರುಗಿಸು ಎಂದರೆ ನಿಲ್ಲಿಸುವುದನ್ನೇ ಮರೆತು ಬುಗುರಿಯಂತೆ ಮೂರು ಸುತ್ತು ಹಾಕಿದಳು. ತನಗೇ ತಲೆ ಸುತ್ತುತ್ತಿದೆ ಎಂದು ಇನ್‌ಸ್ಪೆಕ್ಟರು ಪಾಸು ಮಾಡಿದರು. ಹಳೇ ಹೆದ್ದಾರಿಯಲ್ಲಿ ಗಾಡಿ ಓಡಿಸಿಕೊಂಡು ಬಂದು ಮನೆ ಸೇರುವಾಗ ನಾಲ್ಕಕ್ಕೆ ಹತ್ತು ನಿಮಿಷ. ಅಂಗಳದ ಮಣ್ಣು ಒಂದು ಹಿಡಿ ತೆಗೆದು ಸ್ಕೂಟರಿನ ಮೇಲೆ ಮೊದಲಿನಂತೆ ಉದುರಿಸಿ, ಫೋನಿನ ಮುಂದೆ ಕೂತಳು.

ನಾಲ್ಕಾಯಿತು. ಫೋನಿಲ್ಲ. ನಾಲ್ಕೂವರೆಗೆ ಎದ್ದು ಕಾಫಿಗಿಟ್ಟಳು, ಹಾಲು ಉಕ್ಕಿಸಿದಳು. ಐದಕ್ಕೆ ಪಕ್ಕದ ಮನೆ ಹಮೀದಾ ತನ್ನ ಮೊಬೈಲಿನಲ್ಲಿ ವಿಮಾನ ಹುಡುಕಿಕೊಟ್ಟಳು. ಸಮುದ್ರದ ಮೇಲೆ ಪುಟ್ಟ ಹಳದಿ ವಿಮಾನ. ಅರ್ಧ ಗಂಟೆ ಕಳೆದರೂ ಅದು ಒಂದು ಕೂದಲೆಳೆ ಕದಲಲಿಲ್ಲ. ಇಂಟರ್‌ನೆಟ್ಟು ನಿಂತುಹೋಗಿರಬೇಕು ಎಂದು ಹಮೀದಾ ಮೊಬೈಲು ತಟ್ಟಿ ನೋಡಿದಳು.

“ನೆಟ್ಟೂ ಇಲ್ಲ, ಗಿಟ್ಟೂ ಇಲ್ಲ. ನೀರ್ ಮೇಲೆ ನಿಂತ್ಬುಟ್ಟೈತೆ ಕಣವ್ವ,” ಎಂದಳು ಎದುರು ಮನೆಯ ದೊಡ್ಡಲಕ್ಷ್ಮಮ್ಮ.

ಏಳರ ಹೊತ್ತಿಗೆ ಜಗಲಿ ತುಂಬ ಹೆಂಗಸರು. ಕಡೆಗೆ ತಡೆಯಲಾರದೆ ಬಸವಲಿಂಗಮ್ಮ ಸೆರಗು ಬಾಯಿಗಿಟ್ಟು ಅತ್ತಳು.

“ನಂದೇ ತೆಪ್ಪು. ಅವ್ರ್ ಕಣ್ ತಪ್ಸಿ ಸ್ಕೂಟ್ರು ಕಲ್ತೆ. ಇವತ್ತು ರಾಮನಗರಕ್ಕೋಗಿ ಪಾಸಾಗಿ ಬಂದೆ. ಅದ್ಕೇ ದೇವ್ರು ಇಂಗ್ ಮಾಡ್ದ.”

ಅಳು ನಿಂತಾಗ ಏಳೂಮುಕ್ಕಾಲು. ಫೋನು ಬಡಿದುಕೊಂಡಿತು.

“ಎಲ್ಲಿದ್ದೀಯೆ? ಈಗ ಇಳ್ದೆ.”

“ನಾಲ್ಕಕ್ಕೇ ಇಳೀಬೇಕಿತ್ತಲ್ರೀ!”

“ಇಲ್ಲಿ ಈಗ ನಾಲ್ಕೂ ಕಾಲೇ ಕಣೆ. ಇಲ್ಲಿ ಗಡಿಯಾರ ನಮಗಿಂತ ಮೂರೂವರೆ ಗಂಟೆ ಹಿಂದೆ. ಏಳು ಸಾವಿರದ ನಾನೂರು ಕಿಲೋಮೀಟ್ರು ಆರ್ ಗಂಟೇಲಿ ಬರಕ್ಕಾಯ್ತದಾ?”

ಅವಳು ಉಸಿರು ಬಿಡುವಷ್ಟರಲ್ಲಿ ದೊಡ್ಡಲಕ್ಷ್ಮಮ್ಮ ಫೋನಿಗೆ ಬಾಯಿಟ್ಟಳು. “ಸಿದ್ದಣ್ಣ, ನಿನ್ನೆಂಡ್ರು ಸ್ಕೂಟ್ರು ಲೈಸನ್ಸು ತಕ್ಕಂಡವ್ಳೆ ಕಣಪ್ಪ.”

ಅತ್ತ ಕಡೆಯಿಂದ ದನಿ ಬಂತು, ಸಿಟ್ಟೇ ಇಲ್ಲದೆ.

“ಒಳ್ಳೇದೇ ಆಯ್ತು. ನಾಳೆ ಮಾಗಡಿ ಆಚೆ ತಿಪ್ಪಸಂದ್ರಕ್ಕೋಗಿ ಅವ್ವನ್ನ ಕೂರಿಸ್ಕಂಡ್ ಬಾ. ನಾ ಬರೋಗಂಟ ನಿಂಜೊತೇಲಿರ್ಲಿ.”

ಮರುದಿನ ಬಸವಲಿಂಗಮ್ಮನ ಸೊಂಟವನ್ನು ಒಂದು ಕೈಯಲ್ಲಿ ಬಿಗಿಯಾಗಿ ಹಿಡಿದು, ಇನ್ನೊಂದು ಕೈಯಲ್ಲಿ ಫೋನು ಕಿವಿಗಿಟ್ಟು ಅತ್ತೆ ಸ್ಕೂಟರಿನ ಹಿಂದಿನ ಸೀಟಿನಲ್ಲಿ ಕೂತಿದ್ದರು. ಮಾಗಡಿ ದಾಟುವಷ್ಟರಲ್ಲಿ ಫೋನು ಬಂದದ್ದು ಅದು ನಾಲ್ಕನೇ ಸಲ.

“ಒಸಿ ನಿಧಾನಕ್ಕೋಗವ್ವ,” ಎಂದರು. “ಎಲ್ಲಿದ್ದೀರಿ ಅಂತ ಕೇಳ್ತಾವ್ನೆ.”